ಸ್ಕ್ರಿಪ್ಟ್ ಯಾರ ಹೆಸರಿನಲ್ಲಿ ಬರೆಯುತ್ತದೆ?

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಮಂಡಿ ಇದೆ ಎಂದಿಟ್ಟುಕೊಳ್ಳೋಣ. ವಹಿವಾಟು ಹೆಚ್ಚಾಗಿ ಮೆಕ್ಕೆಜೋಳದ್ದು. ಪಕ್ಕದ ಹರಿಹರದಲ್ಲಿ ಅದೇ ಮನೆಯವರ ಗೋದಾಮು, ಗೋದಾಮಿನ ಗೇಟಿನ ಬಳಿ ಒಂದು ವೇಬ್ರಿಡ್ಜ್. ಹಗಲು ತೂಗಿದ ಪ್ರತಿ ಲಾರಿಯ ನಂಬರು, ಒಟ್ಟು ತೂಕ, ಖಾಲಿ ಲಾರಿಯ ತೂಕ, ನಿವ್ವಳ ತೂಕ ಎಲ್ಲವೂ ಅಲ್ಲಿನ ವಿಂಡೋಸ್ ಕಂಪ್ಯೂಟರಿನಲ್ಲಿ ಸೇರುತ್ತ ಹೋಗುತ್ತವೆ. ರಾತ್ರಿ ಹತ್ತೂವರೆಗೆ ಆ ಕಂಪ್ಯೂಟರ್, ಯಾರೂ ಮುಟ್ಟದೆ, ಒಂದು ಸಣ್ಣ ಸ್ಕ್ರಿಪ್ಟನ್ನು ಓಡಿಸಿ ದಿನದ ಪಟ್ಟಿಯನ್ನು ಫೈಲಿಗೆ ಇಳಿಸಿ ದಾವಣಗೆರೆಯ ಮಂಡಿಯಲ್ಲಿರುವ ಲಿನಕ್ಸ್ ಸರ್ವರಿನ ಫೋಲ್ಡರಿಗೆ ಹಾಕಬೇಕು. ಬೆಳಿಗ್ಗೆ ಬಾಗಿಲು ತೆಗೆದ ಗುಮಾಸ್ತರು ಆ ಫೈಲು ನೋಡಿ ಟ್ಯಾಲಿಗೆ ಏರಿಸುತ್ತಾರೆ. ರೈತರಿಗೆ ದುಡ್ಡು ಪಾವತಿಯಾಗುವುದು ಆ ತೂಕದ ಮೇಲೆ.

ಸ್ಕ್ರಿಪ್ಟ್ ಬರೆದ ಹುಡುಗ ಮಧ್ಯಾಹ್ನ ಕೂತು ಓಡಿಸಿದಾಗ ಫೈಲು ಸಲೀಸಾಗಿ ಹೋಯಿತು. ರಾತ್ರಿ ಹೋಗಲಿಲ್ಲ. ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕಂಪ್ಯೂಟರ್ ಅದೇ, ಫೋಲ್ಡರ್ ಅದೇ. ಲಾಗ್ ತೆರೆದರೆ ‘ಆಕ್ಸೆಸ್ ಡಿನೈಡ್’. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಎರಡು. ಫೋಲ್ಡರಿನಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದು ಬಾಗಿಲು ಹಾರು ಹೊಡೆಯುವುದು ಒಂದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನೇ ಸ್ಕ್ರಿಪ್ಟಿನ ಒಳಗೆ ಬರೆದುಬಿಡುವುದು ಇನ್ನೊಂದು. ಎರಡರಲ್ಲೂ ಫೈಲು ಹೋಗುತ್ತದೆ, ಕೆಲಸ ಆಯಿತೆಂದು ಎಲ್ಲರೂ ಎದ್ದು ಹೋಗುತ್ತಾರೆ. ರೈತನ ತೂಕದ ಪಟ್ಟಿ ಮಾತ್ರ ಅಂದಿನಿಂದ ಆ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ತಿದ್ದಬಹುದಾದ ಜಾಗದಲ್ಲಿ ಕೂತಿರುತ್ತದೆ. ಫೈಲು ಬರೆಯುವ ಹಕ್ಕಿನ ವಿಚಾರವನ್ನು ಕಂಪ್ಯೂಟರಿನವರ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಅದರ ಒಂದು ತುದಿಯಲ್ಲಿ ಯಾರದೋ ಒಂದು ವರ್ಷದ ಬೆಳೆ ಇರುತ್ತದೆ.

ಮಧ್ಯಾಹ್ನಕ್ಕೂ ರಾತ್ರಿಗೂ ಬದಲಾದದ್ದು ಸ್ಕ್ರಿಪ್ಟ್ ಯಾರ ಹೆಸರಿನಲ್ಲಿ ಓಡಿತು ಎಂಬುದು. ಪ್ರೋಗ್ರಾಮಿಗೆ ಸ್ವಂತ ಹೆಸರಿಲ್ಲ. ಅದನ್ನು ಯಾರು ಎಬ್ಬಿಸಿದರೋ ಅವರ ಹೆಸರನ್ನು ಹೊತ್ತು ಅದು ಕೆಲಸ ಮಾಡುತ್ತದೆ. ಮಧ್ಯಾಹ್ನ ಹುಡುಗ ತನ್ನ ಐಡಿಯಲ್ಲಿ ಲಾಗಿನ್ ಆಗಿದ್ದ. ದಾವಣಗೆರೆಯ ಸರ್ವರಿಗೆ ಅವನು ಎಂದೋ ಒಮ್ಮೆ ಪಾಸ್‌ವರ್ಡ್ ಕೊಟ್ಟಿದ್ದ, ವಿಂಡೋಸ್ ಅದನ್ನು ನೆನಪಿಟ್ಟುಕೊಂಡು ಆ ಫೋಲ್ಡರನ್ನು ‘ಝಡ್’ ಡ್ರೈವ್ ಎಂದು ತೋರಿಸುತ್ತಿತ್ತು. ಸ್ಕ್ರಿಪ್ಟ್ ಅವನ ನೆರಳಿನಲ್ಲಿ ಹೋಗಿ ಬಂತು. ರಾತ್ರಿ ಅದನ್ನು ಎಬ್ಬಿಸಿದ್ದು ಟಾಸ್ಕ್ ಶೆಡ್ಯೂಲರ್, ಅದೂ ‘ಲೋಕಲ್ ಸಿಸ್ಟಂ’ ಎಂಬ ಖಾತೆಯಲ್ಲಿ. ಆ ಖಾತೆಗೆ ತನ್ನ ಕಂಪ್ಯೂಟರಿನೊಳಗೆ ಸಕಲ ಅಧಿಕಾರವೂ ಇದೆ. ಆದರೆ ಹುಡುಗನ ಲಾಗಿನ್ನಿಗೆ ಅಂಟಿಕೊಂಡಿದ್ದ ‘ಝಡ್’ ಡ್ರೈವ್ ಅದರ ಪಾಲಿಗೆ ಇಲ್ಲವೇ ಇಲ್ಲ. ಫೋಲ್ಡರಿನ ಪೂರ್ತಿ ವಿಳಾಸ ಬರೆದು ಕಳಿಸಿದರೂ ನೆಟ್‌ವರ್ಕಿನ ಆಚೆ ಕಡೆಗೆ ಅದು ಹುಡುಗನಾಗಿ ಕಾಣುವುದಿಲ್ಲ, ಪರಿಚಯವಿಲ್ಲದ ಒಂದು ಯಂತ್ರವಾಗಿ ಕಾಣುತ್ತದೆ. ದಾವಣಗೆರೆಯ ಸರ್ವರ್ ಬಾಗಿಲು ತೆಗೆಯದೆ ಇದ್ದದ್ದು ಸರಿಯಾಗಿಯೇ ಇತ್ತು.

ಈ ಲೆಕ್ಕಾಚಾರದ ಸರಳ ರೂಪವನ್ನು ನೋಡಬೇಕಾದರೆ ಯೂನಿಕ್ಸ್ ಕಡೆಗೆ ಹೋಗಬೇಕು. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಶುರುಮಾಡಿದ ಈ ವ್ಯವಸ್ಥೆಯ ರೀತಿನೀತಿಯೇ ಇಂದಿನ ಲಿನಕ್ಸಿನಲ್ಲೂ ಇದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಮೇಲೆ ಒಂದು ಸಂಖ್ಯೆ ಇರುತ್ತದೆ, ಬಳಕೆದಾರರ ಸಂಖ್ಯೆ. ಸೊನ್ನೆ ಎಂದರೆ ರೂಟ್, ಅವನಿಗೆ ತಡೆಯಿಲ್ಲ. ಒಂದು ಪ್ರೋಗ್ರಾಮು ಇನ್ನೊಂದನ್ನು ಹುಟ್ಟಿಸಿದರೆ ಸಂಖ್ಯೆ ಮಗುವಿಗೂ ಬರುತ್ತದೆ. ಫೈಲಿನ ಮೇಲೆ ಒಡೆಯನ ಸಂಖ್ಯೆ, ಗುಂಪಿನ ಸಂಖ್ಯೆ, ಜೊತೆಗೆ ಒಂಬತ್ತು ಗುರುತುಗಳು: ಒಡೆಯನಿಗೆ ಮೂರು, ಗುಂಪಿಗೆ ಮೂರು, ಉಳಿದವರಿಗೆ ಮೂರು. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1 ಎಂದು ಕೂಡಿಸಿ ಅದನ್ನೇ ಮೂರಂಕಿಯಲ್ಲಿ ಹೇಳುತ್ತಾರೆ. 644 ಎಂದರೆ ಒಡೆಯ ಓದಬಹುದು, ಬರೆಯಬಹುದು. ಮಿಕ್ಕವರು ಓದಬಹುದು ಅಷ್ಟೆ. 600 ಎಂದರೆ ಒಡೆಯನನ್ನು ಬಿಟ್ಟು ಬೇರೆಯವರು ಇಣುಕುವ ಹಾಗೂ ಇಲ್ಲ.

ಹೊಸ ಫೈಲು ಹುಟ್ಟುವ ಗಳಿಗೆಯಲ್ಲೇ ಈ ಅಂಕಿ ಬೀಳುತ್ತದೆ. ಸಾಮಾನ್ಯವಾಗಿ ಪ್ರೋಗ್ರಾಮು 666 ಎಂದು ಕೇಳುತ್ತದೆ. ‘ಯುಮಾಸ್ಕ್’ ಎಂಬ ಸೋಸುಕ ಅದರಿಂದ ಕೆಲವು ಹಕ್ಕುಗಳನ್ನು ಕಿತ್ತು ಉಳಿದದ್ದನ್ನು ಕೊಡುತ್ತದೆ. ಯುಮಾಸ್ಕ್ 022 ಇದ್ದರೆ ಫೈಲು 644 ಆಗಿ ಹುಟ್ಟುತ್ತದೆ, 077 ಇದ್ದರೆ 600 ಆಗಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಯುಮಾಸ್ಕ್ ಬರೆಯಿರಿ ಎಂದು ಅನುಭವಿಗಳು ಒತ್ತಿ ಹೇಳುವುದು ಏಕೆಂದರೆ, ಎಲ್ಲರಿಗೂ ಕಾಣುವಂತೆ ಹುಟ್ಟಿದ ಫೈಲನ್ನು ಆಮೇಲೆ ಮುಚ್ಚುವಷ್ಟರಲ್ಲಿ ಯಾರೋ ಅದನ್ನು ತೆರೆದು ಹಿಡಿದುಕೊಂಡಿರಬಹುದು.

ತೆರೆದು ಹಿಡಿದುಕೊಳ್ಳುವುದು ಎಂದೆ. ವಿಷಯದ ತಿರುಳಿರುವುದು ಅಲ್ಲೇ. ವ್ಯವಸ್ಥೆಯ ಹೃದಯವಾದ ಕರ್ನಲ್ ನಿಮ್ಮ ಹಕ್ಕನ್ನು ಪರೀಕ್ಷಿಸುವುದು ಫೈಲನ್ನು ತೆರೆಯುವಾಗ, ಒಂದು ಸಲ ಮಾತ್ರ. ಆಮೇಲೆ ಒಂದೊಂದು ಸಾಲು ಬರೆಯುವಾಗಲೂ ಅದು ಮತ್ತೆ ಕೇಳುವುದಿಲ್ಲ. ತೆರೆದವನ ಕೈಗೆ ಒಂದು ಸಣ್ಣ ಸಂಖ್ಯೆಯನ್ನು ಕೊಟ್ಟುಬಿಡುತ್ತದೆ. ಆ ಸಂಖ್ಯೆ ಕೈಯಲ್ಲಿರುವ ತನಕ ಬರೆಯುತ್ತ ಹೋಗಬಹುದು, ನಡುವೆ ನೀವು ಅನುಮತಿಯನ್ನು ಕಿತ್ತುಕೊಂಡರೂ ಸಹ. ಅಪಾಚಿಯಂಥ ವೆಬ್ ಸರ್ವರುಗಳು ಈ ಗುಣವನ್ನು ಚೆನ್ನಾಗಿ ಬಳಸಿಕೊಂಡಿವೆ: ರೂಟ್ ಆಗಿ ಎದ್ದು ಲಾಗ್ ಫೈಲನ್ನು ತೆರೆಯುತ್ತವೆ, ಆಮೇಲೆ ಅಧಿಕಾರ ಕಳಚಿಟ್ಟು ಒಬ್ಬ ಬಡ ಬಳಕೆದಾರನ ಹೆಸರಿಗೆ ಇಳಿದು ಹೊರಗಿನವರ ಜೊತೆ ಮಾತಾಡುತ್ತವೆ. ಲಾಗಿಗೆ ಬರೆಯುವುದು ನಿಲ್ಲುವುದಿಲ್ಲ, ಆದರೆ ಆ ಸರ್ವರನ್ನು ಯಾರಾದರೂ ಮೋಸದಿಂದ ವಶಮಾಡಿಕೊಂಡರೆ ಅವರಿಗೆ ಸಿಗುವುದು ಆ ಬಡವನ ಹಕ್ಕುಗಳು ಮಾತ್ರ.

ಇದು ಅರ್ಥವಾದರೆ ಲಿನಕ್ಸ್ ಕಲಿಯುವವರನ್ನೆಲ್ಲ ಕಾಡುವ ಒಂದು ಒಗಟು ಬಿಡುತ್ತದೆ. ದಾವಣಗೆರೆಯ ಸರ್ವರಿನಲ್ಲಿ ರೂಟ್‌ಗೆ ಸೇರಿದ ಒಂದು ಫೈಲಿದೆ, ಅದಕ್ಕೆ ಒಂದು ಸಾಲು ಬರೆಯಬೇಕು. ಹುಡುಗ ‘ಸುಡೊ’ ಎಂದು ಹಾಕುತ್ತಾನೆ, ಅಂದರೆ ಮುಂದಿನ ಆದೇಶವನ್ನು ರೂಟ್ ಹೆಸರಿನಲ್ಲಿ ನಡೆಸು ಎಂದು. ಅದರ ಮುಂದೆ ‘ಎಕೊ’, ಬರೆಯಬೇಕಾದ ಮಾತು, ಆಮೇಲೆ > ಎಂಬ ಬಾಣ, ಕೊನೆಗೆ ಫೈಲಿನ ಹೆಸರು. ಎಂಟರ್ ಒತ್ತಿದರೆ ‘ಪರ್ಮಿಷನ್ ಡಿನೈಡ್’. ಸುಡೊ ಪಾಸ್‌ವರ್ಡನ್ನು ಕೇಳಲೂ ಇಲ್ಲ! ರೂಟ್‌ಗೂ ಅನುಮತಿಯಿಲ್ಲವೇ ಎಂದು ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ನಡೆದದ್ದು ಹೀಗೆ. ಆ ಸಾಲನ್ನು ಮೊದಲು ಓದುವುದು ಶೆಲ್, ಅಂದರೆ ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಮು; ಶೆಲ್ ಓಡುತ್ತಿರುವುದು ಹುಡುಗನ ಹೆಸರಿನಲ್ಲಿ. ಬಾಣವನ್ನು ಕಂಡ ಕೂಡಲೇ ಅದು ಬಲಗಡೆಯ ಫೈಲನ್ನು ತಾನೇ ತೆರೆಯಲು ಹೋಗುತ್ತದೆ, ಸುಡೊ ಎಂಬ ಪ್ರೋಗ್ರಾಮು ಇನ್ನೂ ಹುಟ್ಟುವ ಮೊದಲೇ. ತೆರೆಯುವವನು ಹುಡುಗ, ಆದ್ದರಿಂದ ಪರೀಕ್ಷೆ ನಡೆದದ್ದು ಹುಡುಗನ ಹಕ್ಕಿನ ಮೇಲೆ. ‘ಟೀ’ ಎಂಬ ಪುಟ್ಟ ಪ್ರೋಗ್ರಾಮನ್ನು ಸುಡೊ ಮೂಲಕ ಎಬ್ಬಿಸಿ, ಮಾತನ್ನು ಅದರ ಬಾಯಿಗೆ ಸುರಿದರೆ ಕೆಲಸ ಆಗುತ್ತದೆ, ಏಕೆಂದರೆ ಆಗ ಫೈಲನ್ನು ತೆರೆಯುವುದು ರೂಟ್ ಹೆಸರಿನ ಟೀ.

ಅದೇ ಬಾಣದಲ್ಲಿ ಇನ್ನೊಂದು ಅಪಾಯವಿದೆ. ಶೆಲ್ ಫೈಲನ್ನು ತೆರೆಯುವಾಗ ಹಳೆಯದನ್ನೆಲ್ಲ ಅಳಿಸಿ ತೆರೆಯುತ್ತದೆ. ಆಮೇಲೆ ಓಡಬೇಕಾದ ಪ್ರೋಗ್ರಾಮು ಎಡವಿ ಬಿದ್ದರೆ ನಿನ್ನೆಯ ಪಟ್ಟಿಯೂ ಇಲ್ಲ, ಇವತ್ತಿನದೂ ಇಲ್ಲ; ಸೊನ್ನೆ ಬೈಟಿನ ಖಾಲಿ ಫೈಲು. ಹೀಗಾಗಿ ಬಲ್ಲವರು ಮೊದಲು ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಅದರ ಹೆಸರು ಬದಲಿಸುತ್ತಾರೆ. ಒಂದೇ ಡಿಸ್ಕಿನ ಒಳಗೆ ಹೆಸರು ಬದಲಾಗುವುದು ಒಂದೇ ಏಟಿಗೆ. ಬೆಳಿಗ್ಗೆ ತೆರೆಯುವ ಗುಮಾಸ್ತರಿಗೆ ಹಳೆಯದು ಪೂರ್ತಿ ಸಿಗುತ್ತದೆ ಅಥವಾ ಹೊಸದು ಪೂರ್ತಿ ಸಿಗುತ್ತದೆ, ಅರ್ಧಂಬರ್ಧ ಸಿಗುವುದಿಲ್ಲ.

ತಾತ್ಕಾಲಿಕ ಫೈಲಿನ ಹೆಸರನ್ನು ಆಯುವಾಗಲೂ ಎಚ್ಚರ ಬೇಕು. ಅದಕ್ಕೆ ಸಾಕ್ಷಿಯಾಗಿ ಕಂಪ್ಯೂಟರ್ ಚರಿತ್ರೆಯಲ್ಲಿ ಒಂದು ಘಟನೆಯಿದೆ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ನೇತೃತ್ವದಲ್ಲಿ ಕಟ್ಟಿದ ಸಿಟಿಎಸ್‌ಎಸ್, ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲಕ್ಕೆ ಬಳಸಲು ಬಿಟ್ಟ ಮೊದಲ ವ್ಯವಸ್ಥೆಗಳಲ್ಲಿ ಒಂದು. 1961ರ ನವೆಂಬರಿನಲ್ಲಿ ಅದರ ಪ್ರಾತ್ಯಕ್ಷಿಕೆ ನಡೆಯಿತು. ಪ್ರತಿಯೊಬ್ಬರ ಫೈಲುಗಳನ್ನು ಬೇರೆಯಾಗಿ ಇಡಬೇಕಾಗಿದ್ದರಿಂದ ಅಲ್ಲಿ ಪಾಸ್‌ವರ್ಡ್ ಬಳಕೆಗೆ ಬಂತು. ಎಲ್ಲರ ಪಾಸ್‌ವರ್ಡುಗಳೂ ಇದ್ದಂತೆಯೇ ಒಂದು ಫೈಲಿನಲ್ಲಿದ್ದವು. 1966ರಲ್ಲಿ ಒಬ್ಬ ಆಡಳಿತಗಾರ ಆ ಫೈಲನ್ನು ತಿದ್ದುತ್ತಿದ್ದ. ಅದೇ ಹೊತ್ತಿಗೆ ಅದೇ ಡೈರೆಕ್ಟರಿಯಲ್ಲಿ ಇನ್ನೊಬ್ಬ, ಲಾಗಿನ್ ಆದವರಿಗೆಲ್ಲ ತೋರಿಸುವ ದಿನದ ಸಂದೇಶವನ್ನು ತಿದ್ದುತ್ತಿದ್ದ. ಎಡಿಟರ್ ಪ್ರೋಗ್ರಾಮು ತನ್ನ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರು ಇಡುತ್ತಿತ್ತು. ಒಂದು ಡೈರೆಕ್ಟರಿಯಲ್ಲಿ ಒಬ್ಬರೇ ಕೆಲಸ ಮಾಡುತ್ತಾರೆ ಎಂದು ನಂಬಿದ ಕಾಲದಲ್ಲಿ ಬರೆದ ಪ್ರೋಗ್ರಾಮು ಅದು. ಎರಡು ಫೈಲುಗಳು ಅದಲುಬದಲಾದವು. ಲಾಗಿನ್ ಆದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಪಾಸ್‌ವರ್ಡುಗಳು ಸಾಲಾಗಿ ಬಂದವು. ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಕೊಟ್ಟ ಉಪನ್ಯಾಸದಲ್ಲಿ ಕೊರ್ಬಾಟೊ ಈ ಪ್ರಸಂಗವನ್ನು ಹೇಳಿದ್ದಾರೆ. ಯಾವ ಕಳ್ಳನೂ ಇಲ್ಲದ, ಇಬ್ಬರು ನಂಬಿಗಸ್ತರು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದಾಗ ಆದ ಸೋರಿಕೆ ಇದು.

ಅದಕ್ಕೂ ನಾಲ್ಕು ವರ್ಷ ಮೊದಲು ಅದೇ ವ್ಯವಸ್ಥೆಯಲ್ಲಿ ಇನ್ನೊಂದು ನಡೆದಿತ್ತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಕಂಪ್ಯೂಟರ್ ಸಮಯ ಕೊಟ್ಟಿದ್ದರು, ಅದು ಸಾಲುತ್ತಿರಲಿಲ್ಲ. ಪಂಚ್ ಕಾರ್ಡಿನಲ್ಲಿ ಖಾತೆಯ ಸಂಖ್ಯೆ, ಫೈಲಿನ ಹೆಸರು ಬರೆದುಕೊಟ್ಟರೆ ಫೈಲನ್ನು ಮುದ್ರಿಸಿಕೊಡುವ ಏರ್ಪಾಡಿತ್ತು. 1962ರಲ್ಲಿ ಅವರು ಪಾಸ್‌ವರ್ಡ್ ಫೈಲಿನ ಹೆಸರನ್ನೇ ಬರೆದು ಕೊಟ್ಟರು. ಮುದ್ರಿಸುವ ಪ್ರೋಗ್ರಾಮು ಕೇಳಿದವನ ಹಕ್ಕನ್ನು ನೋಡಲಿಲ್ಲ, ತನ್ನ ಹಕ್ಕಿನಲ್ಲಿ ಓದಿ ಮುದ್ರಿಸಿಟ್ಟಿತು.

ಬೇರೆಯವರ ಪರವಾಗಿ ಕೆಲಸ ಮಾಡುವ ಪ್ರೋಗ್ರಾಮು ತನ್ನ ಬಲದಿಂದ ಮಾಡುತ್ತಿದೆಯೋ ಕೇಳಿದವನ ಬಲದಿಂದಲೋ ಎಂಬ ಈ ಪ್ರಶ್ನೆಗೆ ಗಟ್ಟಿಯಾದ ರೂಪ ಕೊಟ್ಟವರು ನಾರ್ಮ್ ಹಾರ್ಡಿ. ಅವರು 1988ರಲ್ಲಿ ಬರೆದ ಪುಟ್ಟ ಲೇಖನದಲ್ಲಿ ಟೈಮ್‌ಶೇರ್ ಎಂಬ ಕಂಪನಿಯಲ್ಲಿ ಹನ್ನೊಂದು ವರ್ಷ ಹಿಂದೆ ನಡೆದದ್ದನ್ನು ಹೇಳುತ್ತಾರೆ. ಕಂಪ್ಯೂಟರ್ ಸಮಯವನ್ನು ಬಾಡಿಗೆಗೆ ಕೊಡುವ ಕಂಪನಿ ಅದು. ಅಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ ‘ಎಸ್‌ವೈಎಸ್‌ಎಕ್ಸ್’ ಎಂಬ ಡೈರೆಕ್ಟರಿಯಲ್ಲಿತ್ತು. ಭಾಷೆಯ ಯಾವ ಸೌಲಭ್ಯವನ್ನು ಜನ ಎಷ್ಟು ಬಳಸುತ್ತಾರೆ ಎಂಬ ಅಂಕಿಅಂಶವನ್ನು ಅದೇ ಡೈರೆಕ್ಟರಿಯ ಒಂದು ಫೈಲಿಗೆ ಬರೆಯಲೆಂದು ಕಂಪೈಲರಿಗೆ ಆ ಡೈರೆಕ್ಟರಿಯಲ್ಲಿ ಬರೆಯುವ ವಿಶೇಷ ಹಕ್ಕು ಕೊಟ್ಟರು. ಗ್ರಾಹಕರ ಬಿಲ್ಲಿನ ಲೆಕ್ಕದ ಫೈಲೂ ಅದೇ ಡೈರೆಕ್ಟರಿಯಲ್ಲಿತ್ತು. ಇನ್ನು, ಕಂಪೈಲರ್ ಬಳಸುವವರು ತಪ್ಪು ಹುಡುಕಲು ಬೇಕಾದ ವಿವರವನ್ನು ಯಾವ ಫೈಲಿಗೆ ಬರೆಯಬೇಕೆಂದು ತಾವೇ ಹೆಸರು ಕೊಡಬಹುದಿತ್ತು. ಒಬ್ಬ ಬಳಕೆದಾರ ಬಿಲ್ಲಿನ ಫೈಲಿನ ಹೆಸರು ಕೊಟ್ಟ. ಅವನಿಗೆ ಆ ಫೈಲನ್ನು ಮುಟ್ಟುವ ಹಕ್ಕಿರಲಿಲ್ಲ, ಕಂಪೈಲರಿಗೆ ಇತ್ತು. ಬಿಲ್ಲಿನ ಲೆಕ್ಕವೆಲ್ಲ ಅಳಿಸಿಹೋಯಿತು.

ಹಾರ್ಡಿ ಇದಕ್ಕೆ ‘ಕನ್‌ಫ್ಯೂಸ್ಡ್ ಡೆಪ್ಯುಟಿ’ ಎಂದು ಹೆಸರಿಟ್ಟರು, ಇಬ್ಬರು ಧಣಿಗಳ ನಡುವೆ ಗಲಿಬಿಲಿಗೊಂಡ ಪ್ರತಿನಿಧಿ. ಅಂಕಿಅಂಶ ಬರೆಯುವಾಗ ಕಂಪೈಲರ್ ಕಂಪನಿಯ ಆಳು, ತಪ್ಪಿನ ವಿವರ ಬರೆಯುವಾಗ ಗ್ರಾಹಕನ ಆಳು. ಎರಡೂ ಹಕ್ಕುಗಳು ಒಂದೇ ಜೇಬಿನಲ್ಲಿದ್ದವು. ತಪ್ಪು ಯಾರದು ಎಂದು ಕೇಳಿದರೆ ಒಬ್ಬರ ಕಡೆ ಬೆರಳು ತೋರಿಸಲು ಆಗುವುದಿಲ್ಲ. ಹಕ್ಕು ಕೊಟ್ಟದ್ದು ತಪ್ಪಲ್ಲ, ಫೈಲಿನ ಹೆಸರು ಕೇಳಿದ್ದೂ ತಪ್ಪಲ್ಲ, ಎರಡೂ ಕೂಡಿದಾಗ ಅನಾಹುತ. ನಮ್ಮ ವೇಬ್ರಿಡ್ಜಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಲಾರಿಗೊಂದು ಫೈಲು ಮಾಡಿ, ಆಪರೇಟರ್ ಟೈಪ್ ಮಾಡಿದ ಪಾರ್ಟಿಯ ಹೆಸರನ್ನೇ ಫೈಲಿನ ಹೆಸರಾಗಿ ಇಡೋಣ ಎಂದು ಹುಡುಗ ಯೋಚಿಸಿದ ಎನ್ನಿ. ಆ ಹೆಸರಿನಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಬಂದರೆ ಅದು ಮೇಲಿನ ಫೋಲ್ಡರಿಗೆ ಹತ್ತುವ ದಾರಿಯಾಗುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿರುವ ಸ್ಕ್ರಿಪ್ಟ್ ಅಲ್ಲಿರುವ ಏನನ್ನಾದರೂ ಮೇಲೆ ಬರೆದು ಅಳಿಸಿಹಾಕುತ್ತದೆ. ಒಂದೇ ಫೋಲ್ಡರಿನಲ್ಲಿ ಮಾತ್ರ ಬರೆಯಬಲ್ಲ ಸ್ಕ್ರಿಪ್ಟಾದರೆ ಅದೇ ಹೆಸರು ಬಂದರೂ ಗೋಡೆಗೆ ಹೊಡೆದು ನಿಲ್ಲುತ್ತದೆ.

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಎಂಬ ಸೂತ್ರವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದರು. ಮಂಡಿಯ ಯಜಮಾನರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ರೋಕಡ ಬರೆಯುವ ಗುಮಾಸ್ತರಿಗೆ ಖಜಾನೆಯ ಬೀಗದ ಕೈ ಯಾರೂ ಕೊಡುವುದಿಲ್ಲ.

ಬರೆಯುವ ಹಕ್ಕನ್ನು ಹೆಸರು ಹೆಸರಿಗೆ ಹಂಚುವ ಕೆಲಸವನ್ನು ಕರ್ನಾಟಕ ಒಮ್ಮೆ ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿದೆ. ಈ ಎರಡು ಊರಿನ ರೈತರಿಗೆ ಅದು ಬೇರೆ ಹೆಸರಿನಿಂದ ಪರಿಚಯ: ಕಂಪ್ಯೂಟರ್ ಪಹಣಿ. 2000ರ ದಶಕದ ಆರಂಭಕ್ಕೆ ‘ಭೂಮಿ’ ಯೋಜನೆ ರಾಜ್ಯದ ಅಂದಿನ 177 ತಾಲ್ಲೂಕುಗಳನ್ನು ಮುಟ್ಟಿತು. ದಾವಣಗೆರೆ ಮತ್ತು ಹರಿಹರ ತಾಲ್ಲೂಕು ಕಚೇರಿಗಳೂ ಅದರಲ್ಲಿ ಸೇರಿದವು. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದ ಪುಸ್ತಕಗಳಲ್ಲಿ ಜಮೀನಿನ ದಾಖಲೆ ಇಟ್ಟುಕೊಂಡಿದ್ದರು. ಯಾವ ಸಾಲನ್ನು ಯಾರು ಎಂದು ತಿದ್ದಿದರು ಎಂದು ಕೇಳಿದರೆ ಪುಸ್ತಕ ಬಾಯಿ ಬಿಡುತ್ತಿರಲಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಬಂದವು, ಕೈಬರಹದ ಪಹಣಿ ರದ್ದಾಯಿತು, 15 ರೂಪಾಯಿ ಕೊಟ್ಟು ಕಿಯಾಸ್ಕಿನಲ್ಲಿ ಪ್ರತಿ ಪಡೆಯುವ ವ್ಯವಸ್ಥೆ ಬಂತು.

ಹೊರಗೆ ನಿಂತ ರೈತನಿಗೆ ಕಂಡದ್ದು ಕಿಯಾಸ್ಕ್. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಒಳಗಿನ ಏರ್ಪಾಡು. ಮ್ಯುಟೇಶನ್, ಅಂದರೆ ಜಮೀನಿನ ಹಕ್ಕು ಬದಲಾವಣೆ, ದಾಖಲಿಸುವ ನೌಕರರು, ಅದನ್ನು ಒಪ್ಪುವ ಅಧಿಕಾರಿಗಳು ಬರೀ ಪಾಸ್‌ವರ್ಡಿನಿಂದ ಒಳಹೋಗುವಂತಿರಲಿಲ್ಲ, ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು, ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬಹುದು, ಆಮೇಲೆ ‘ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಎನ್ನಬಹುದು. ಹೆಬ್ಬೆರಳಿನ ವಿಷಯದಲ್ಲಿ ಹಾಗೆನ್ನುವುದು ಕಷ್ಟ. ಅರ್ಜಿಗಳಿಗೆ ಬಂದ ಕ್ರಮದಲ್ಲೇ ಸಂಖ್ಯೆ ಬೀಳುತ್ತಿತ್ತು, ಆದೇಶದ ಮೂಲ ಪ್ರತಿಯನ್ನು ಸ್ಕ್ಯಾನ್ ಮಾಡಿ ಸೇರಿಸುತ್ತಿದ್ದರು. ಬೆರಳಚ್ಚು ಬರೆದದ್ದು ಸತ್ಯವೆಂದು ಹೇಳುವುದಿಲ್ಲ, ಬರೆದವರು ಯಾರೆಂದಷ್ಟೇ ಹೇಳುತ್ತದೆ. ಜಮೀನಿನ ವ್ಯಾಜ್ಯಗಳು ಭೂಮಿ ಬಂದ ಮೇಲೂ ಮುಗಿಯಲಿಲ್ಲ. ಆದರೂ ‘ಯಾರು ತಿದ್ದಿದರು’ ಎಂಬ ಪ್ರಶ್ನೆಗೆ ಉತ್ತರವಿರುವ ದಾಖಲೆ ಮತ್ತು ಉತ್ತರವಿಲ್ಲದ ದಾಖಲೆಯ ನಡುವಿನ ಅಂತರ ಬಹಳ ದೊಡ್ಡದು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಒಂದೆಕರೆ ಗದ್ದೆಗಾಗಿ ವರ್ಷಗಟ್ಟಲೆ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಾಲ್ಲೂಕು ಕಚೇರಿಯ ಉಪಾಯ ರಾತ್ರಿ ಹತ್ತೂವರೆಯ ಸ್ಕ್ರಿಪ್ಟಿಗೆ ಸಲ್ಲುವುದಿಲ್ಲ. ಸ್ಕ್ರಿಪ್ಟಿಗೆ ಹೆಬ್ಬೆರಳಿಲ್ಲ. ತಾನು ಯಾರೆಂದು ಇನ್ನೊಂದು ಯಂತ್ರಕ್ಕೆ ತೋರಿಸಿಕೊಡಲು ಅದಕ್ಕೊಂದು ಗುಟ್ಟು ಬೇಕು, ಆ ಗುಟ್ಟು ಎಲ್ಲೋ ಒಂದು ಕಡೆ ಬರೆದಿಟ್ಟಿರಲೇಬೇಕು.

ಪಾಸ್‌ವರ್ಡನ್ನು ಇದ್ದಂತೆಯೇ ಇಡಬಾರದು, ಹಿಂದಕ್ಕೆ ತಿರುಗಿಸಲಾಗದ ಹಾಗೆ ಗಣಿತದಿಂದ ಅರೆದು ಇಡಬೇಕು ಎಂದು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲಿ ವಿವರಿಸಿದ್ದರು. ಇವತ್ತಿಗೂ ಬಹುತೇಕ ಕಡೆ ಆ ಪದ್ಧತಿಯೇ. ಆದರೆ ಅದು ಬಾಗಿಲು ಕಾಯುವವನಿಗೆ ಒದಗುವ ಉಪಾಯ. ಬಂದವನು ಹೇಳಿದ ಪಾಸ್‌ವರ್ಡನ್ನು ಅರೆದು ತನ್ನಲ್ಲಿರುವ ಪುಡಿಯೊಂದಿಗೆ ಹೋಲಿಸಿದರೆ ಅವನಿಗೆ ಸಾಕು. ಬಾಗಿಲು ತಟ್ಟುವವನ ಬಳಿ ಮೂಲ ಪಾಸ್‌ವರ್ಡೇ ಇರಬೇಕು. ನಮ್ಮ ಸ್ಕ್ರಿಪ್ಟ್ ಬಾಗಿಲು ತಟ್ಟುವವನು.

ಸ್ಕ್ರಿಪ್ಟಿನ ಒಳಗೇ ಪಾಸ್‌ವರ್ಡ್ ಬರೆದರೆ ಸ್ಕ್ರಿಪ್ಟಿನ ಪ್ರತಿ ಹೋದ ಕಡೆಗೆಲ್ಲ ಅದೂ ಹೋಗುತ್ತದೆ: ಬ್ಯಾಕಪ್ಪಿಗೆ, ಪೆನ್ ಡ್ರೈವಿಗೆ, ಸಹಾಯ ಕೇಳಿ ಗೆಳೆಯನಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಕ್ಕೆ. ಆದೇಶದ ಸಾಲಿನಲ್ಲಿ ಕೊಟ್ಟರೆ ಆ ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ನೋಡುವ ಇತರರಿಗೂ ಕಾಣಬಹುದು. ವಿಂಡೋಸಿನ ಪವರ್‌ಶೆಲ್‌ನಲ್ಲಿ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಫೈಲಿಗೆ ಇಳಿಸುವ ಸೌಲಭ್ಯವಿದೆ. ಅದು ಒಳ್ಳೆಯದೇ, ಒಂದು ಷರತ್ತಿನ ಮೇಲೆ: ಇಳಿಸಿದ ಬಳಕೆದಾರನೇ, ಅದೇ ಕಂಪ್ಯೂಟರಿನಲ್ಲೇ ಅದನ್ನು ಮತ್ತೆ ಬಿಚ್ಚಬಲ್ಲ. ಹುಡುಗ ತನ್ನ ಲಾಗಿನ್ನಿನಲ್ಲಿ ಇಳಿಸಿಟ್ಟು ರಾತ್ರಿ ಬೇರೆ ಖಾತೆಯಲ್ಲಿ ಸ್ಕ್ರಿಪ್ಟ್ ಓಡಿದರೆ ಅದು ಬಿಚ್ಚಿಕೊಳ್ಳುವುದಿಲ್ಲ. ರಾತ್ರಿ ಓಡುವ ಖಾತೆಯಿಂದಲೇ ಒಮ್ಮೆ ಪವರ್‌ಶೆಲ್ ತೆರೆದು ಇಳಿಸಬೇಕು. ಎಲ್ಲ ಖಾತೆಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ‘ಡೊಮೈನ್’ ಇರುವ ದೊಡ್ಡ ಕಚೇರಿಗಳಿಗೆ ಮೈಕ್ರೋಸಾಫ್ಟ್ 2012ರ ಸರ್ವರಿನಿಂದ ಇನ್ನೊಂದು ದಾರಿ ಕೊಟ್ಟಿದೆ. ಸೇವಾ ಖಾತೆಯ ಪಾಸ್‌ವರ್ಡನ್ನು ಯಂತ್ರಗಳೇ ಹುಟ್ಟಿಸಿ 30 ದಿನಕ್ಕೊಮ್ಮೆ ತಾವೇ ಬದಲಿಸಿಕೊಳ್ಳುತ್ತವೆ, ಮನುಷ್ಯರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಒಂದು ಮಂಡಿ, ಒಂದು ಗೋದಾಮಿನ ಮಟ್ಟಕ್ಕೆ ನನ್ನ ಆಯ್ಕೆ ಎಸ್‌ಎಸ್‌ಎಚ್ ಕೀಲಿ. ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಪಾಸ್‌ವರ್ಡುಗಳನ್ನು ಕದ್ದಾಲಿಸಿದ ಘಟನೆಯ ನಂತರ ಅಲ್ಲಿನ ತಾತು ಯುಲೋನೆನ್ 1995ರಲ್ಲಿ ಬರೆದ ತಂತ್ರಾಂಶ ಎಸ್‌ಎಸ್‌ಎಚ್, ಎರಡು ಯಂತ್ರಗಳು ಗೂಢಲಿಪಿಯಲ್ಲಿ ಮಾತಾಡಲು. ಇಂದು ವಿಂಡೋಸಿನಲ್ಲೂ ಸಿಗುತ್ತದೆ. ಕೀಲಿಯ ಜೋಡಿಯಲ್ಲಿ ಒಂದು ಗುಟ್ಟಿನದು, ಅದು ಹರಿಹರದ ಕಂಪ್ಯೂಟರಿನಿಂದ ಹೊರಗೆ ಹೋಗುವುದೇ ಇಲ್ಲ. ಇನ್ನೊಂದು ಬಹಿರಂಗದ್ದು, ದಾವಣಗೆರೆಯ ಸರ್ವರಿನಲ್ಲಿ ಒಂದು ಸಾಲಾಗಿ ಕೂರುತ್ತದೆ. ಗುಟ್ಟಿನ ಕೀಲಿಯ ಫೈಲನ್ನು ಬೇರೆಯವರು ಓದುವಂತಿದ್ದರೆ ಎಸ್‌ಎಸ್‌ಎಚ್ ಎಚ್ಚರಿಕೆ ಕೊಟ್ಟು ಆ ಕೀಲಿಯನ್ನು ಬಳಸಲು ಒಪ್ಪುವುದಿಲ್ಲ. ಹೊಸಬರಿಗೆ ಇದರಿಂದ ಸಿಟ್ಟು ಬರುತ್ತದೆ, ನನಗೆ ಮಾತ್ರ ಈ ಹಟ ಬಹಳ ಇಷ್ಟ.

ದಾವಣಗೆರೆಯ ಸರ್ವರಿನಲ್ಲಿ ‘ತೂಕ’ ಎಂಬ ಹೊಸ ಖಾತೆ ತೆರೆಯಬೇಕು. ಅದರಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ, ಪಾಸ್‌ವರ್ಡ್ ಲಾಗಿನ್ ಇಲ್ಲ, ಶೆಲ್ ಇಲ್ಲ. ಆ ಕೀಲಿಯಿಂದ ಬಂದವರು ಫೈಲು ಇಳಿಸಬಹುದು ಅಷ್ಟೆ, ಅದೂ ಒಂದು ಫೋಲ್ಡರಿನ ಬೇಲಿಯೊಳಗೆ. ಇಲ್ಲೊಂದು ಕಡೆ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಬೇಲಿ ಹಾಕಿದ ಮೇಲಿನ ಫೋಲ್ಡರ್ ರೂಟ್‌ನದ್ದಾಗಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಹಕ್ಕಿರಬಾರದು, ಇಲ್ಲದಿದ್ದರೆ ಎಸ್‌ಎಸ್‌ಎಚ್ ಸರ್ವರ್ ಒಳಗೇ ಬಿಡುವುದಿಲ್ಲ. ‘ತೂಕ’ ಬರೆಯಬೇಕಾದ ಜಾಗ ಅದರೊಳಗಿನ ಇನ್ನೊಂದು ಫೋಲ್ಡರ್.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಫೈಲನ್ನು ಅಳಿಸುವ ಹಕ್ಕು ಫೈಲಿನ ಮೇಲಿಲ್ಲ, ಅದು ಕೂತಿರುವ ಫೋಲ್ಡರಿನ ಮೇಲಿದೆ. ಯೂನಿಕ್ಸಿನ ಈ ನಿಯಮ ಗೊತ್ತಿಲ್ಲದೆ ಫೈಲಿಗೆ ಬೀಗ ಹಾಕಿ ಫೋಲ್ಡರನ್ನು ತೆರೆದಿಡುವವರಿದ್ದಾರೆ. ‘ತೂಕ’ಕ್ಕೆ ತನ್ನ ಫೋಲ್ಡರಿನಲ್ಲಿ ಬರೆಯುವ ಹಕ್ಕಿದೆ ಎಂದರೆ ಕಳೆದ ವಾರದ ಪಟ್ಟಿಯನ್ನು ಅಳಿಸುವ ಹಕ್ಕೂ ಇದೆ. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ದಾವಣಗೆರೆಯಲ್ಲೇ ಇನ್ನೊಂದು ಸ್ಕ್ರಿಪ್ಟ್, ‘ಕಣಜ’ ಎಂಬ ಬೇರೆ ಖಾತೆಯಲ್ಲಿ ಎದ್ದು, ಬಂದ ಫೈಲನ್ನು ತನ್ನ ಫೋಲ್ಡರಿಗೆ ನಕಲು ಮಾಡಿಕೊಳ್ಳಬೇಕು. ಅಲ್ಲಿಗೆ ‘ತೂಕ’ಕ್ಕೆ ಪ್ರವೇಶವಿಲ್ಲ. ಗುಮಾಸ್ತರಿಗೆ ಅಲ್ಲಿ ಓದುವ ಹಕ್ಕಿದೆ, ಬರೆಯುವ ಹಕ್ಕಿಲ್ಲ. ಹರಿಹರದ ಕಂಪ್ಯೂಟರ್ ನಾಳೆ ವೈರಸ್ಸಿಗೆ ತುತ್ತಾದರೂ ಹಳೆಯ ತೂಕಗಳು ಅದರ ಕೈಗೆ ಸಿಗುವುದಿಲ್ಲ.

ಲಾಗಿಗೂ ಇದೇ ವಿಚಾರ ಸಲ್ಲುತ್ತದೆ. ಯಾರು ಏನು ಬರೆದರು ಎಂಬ ಲಾಗನ್ನು ಬರೆದವನೇ ತಿದ್ದುವಂತಿದ್ದರೆ ಅದು ಇದ್ದೂ ಇಲ್ಲದಂತೆ. ಲಿನಕ್ಸಿನ ಕೆಲವು ಫೈಲ್ ವ್ಯವಸ್ಥೆಗಳಲ್ಲಿ ಒಂದು ಫೈಲಿಗೆ ‘ಕೊನೆಗೆ ಸೇರಿಸಬಹುದು, ಹಿಂದಿನದನ್ನು ಮುಟ್ಟುವಂತಿಲ್ಲ’ ಎಂಬ ಗುರುತು ಹಾಕಲು ಬರುತ್ತದೆ. ಹಾಕಲು, ತೆಗೆಯಲು ರೂಟ್‌ಗೆ ಮಾತ್ರ ಸಾಧ್ಯ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಆ ದಾಖಲಾತಿಯನ್ನು ಆಫ್ ಮಾಡುವಂತಿರಬಾರದು ಎಂಬ ನಿಯಮ ಬಂದಿದೆ. ಪಾಲುದಾರಿಕೆಯ ಮಂಡಿಗೆ ಅದು ಅನ್ವಯಿಸದೆ ಇರಬಹುದು. ಆದರೆ ತೂಕದಲ್ಲಿ ತಕರಾರು ಬಂದ ದಿನ ರೈತ ಕೇಳುವ ಪ್ರಶ್ನೆ ಕಂಪನಿ ಕಾಯ್ದೆ ಕೇಳುವ ಪ್ರಶ್ನೆಯೇ.

ಎಲ್ಲ ಜೋಡಿಸಿದ ಮೇಲೆ ಫೈಲು ಹೋಯಿತೇ ಎಂದು ನೋಡಿ ಬಿಟ್ಟರೆ ಅರ್ಧ ಪರೀಕ್ಷೆ ಮಾಡಿದಂತೆ. ‘ತೂಕ’ದ ಕೀಲಿ ಹಿಡಿದು ‘ಕಣಜ’ದ ಫೋಲ್ಡರಿನ ಫೈಲೊಂದನ್ನು ಅಳಿಸಲು ಹೋಗಿ ನೋಡಬೇಕು. ಗುಮಾಸ್ತರ ಐಡಿಯಲ್ಲಿ ಒಂದು ತೂಕ ತಿದ್ದಲು ಪ್ರಯತ್ನಿಸಬೇಕು. ಬೇಕೆಂದೇ ಫೋಲ್ಡರಿನ ಅನುಮತಿ ಕಿತ್ತು ಸ್ಕ್ರಿಪ್ಟನ್ನು ಓಡಿಸಿ, ಸೋತಾಗ ಅದು ಸುಮ್ಮನೆ ಮಲಗುತ್ತದೆಯೋ, ಯಜಮಾನರ ಫೋನಿಗೆ ಸಂದೇಶ ಕಳಿಸುತ್ತದೆಯೋ ಎಂದು ನೋಡಬೇಕು. ಸೋತರೂ ‘ಮುಗಿಯಿತು’ ಎಂದು ಹೇಳಿ ಹೊರಡುವ ಸ್ಕ್ರಿಪ್ಟುಗಳು ಬಹಳ. ಪ್ರತಿ ಹಂತದಲ್ಲೂ ಫಲಿತಾಂಶದ ಸಂಖ್ಯೆಯನ್ನು ನೋಡಿ, ಅದು ಸೊನ್ನೆಯಲ್ಲದಿದ್ದರೆ ಅಲ್ಲಿಗೇ ನಿಂತು ಕೂಗುವಂತೆ ಬರೆಯಬೇಕು.

ಆಮೇಲೆ ಒಂದು ದಿನ ಆ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಡುತ್ತಾನೆ. ಅಂದು ಸಂಜೆಯೇ ಎರಡು ಕಂಪ್ಯೂಟರಿನಲ್ಲೂ ಅವನ ಖಾತೆಯನ್ನು ಮುಚ್ಚಬಹುದು, ರಾತ್ರಿಯ ಫೈಲು ಎಂದಿನಂತೆ ಹೋಗುತ್ತದೆ, ಏಕೆಂದರೆ ಅದು ಅವನ ಹೆಸರಿನಲ್ಲಿ ಹೋಗುತ್ತಿರಲಿಲ್ಲ. ಕೀಲಿಯ ಗುಟ್ಟು ಅವನಿಗೆ ಗೊತ್ತಿತ್ತಲ್ಲ ಎಂಬ ಅಳುಕಿದ್ದರೆ ಹರಿಹರದಲ್ಲಿ ಹೊಸ ಜೋಡಿ ಹುಟ್ಟಿಸಿ, ದಾವಣಗೆರೆಯ ಸರ್ವರಿನಲ್ಲಿ ಹಳೆಯ ಒಂದು ಸಾಲನ್ನು ತೆಗೆದು ಹೊಸ ಸಾಲನ್ನು ಕೂರಿಸಿದರಾಯಿತು, ಕಾಲು ಗಂಟೆಯ ಕೆಲಸ.